ಎಡತೋಳಿಲ್ಲದ ಕೋಟು

ನವೆಂಬರ್ 6, ಮಂಗಳವಾರ

ಬ್ರೆಮೆನ್ ಕಡೆಯ ಹಲ್ಲಿನ ಡಾಕ್ಟರೊಬ್ಬರು ಇವತ್ತು ಒಂದು ಕೋಟು ತಂದಿದ್ದರು. ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮಾರುಕಟ್ಟೆಯೊಳಗೆ ಬಂದರು. ಯುದ್ಧಕಾಲದ ನೌಕಾಪಡೆಯದು, ಜಲಾಂತರ್ಗಾಮಿಯ ನಾವಿಕ ತೊಟ್ಟದ್ದು, ನೀವು ಒಂದು ಮಾತು ಹೌದೆಂದರೆ ಸಾಕು ಎಂದರು. ಬೂದು ಚರ್ಮ, ಎರಡು ಸಾಲು ಗುಂಡಿ, ಅಗಲ ಕಾಲರು, ನೋಡಲು ಎಲ್ಲ ಸರಿಯಾಗಿಯೇ ಇತ್ತು. ಆದರೆ ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೆ ಕಟ್ಟಿದ ಹೊಸ ನೌಕಾಪಡೆಯೂ ಹೆಚ್ಚುಕಡಿಮೆ ಅದೇ ಮಾದರಿಯ ಕೋಟು ಹೊಲಿಸಿತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹಳೆಯ ಸೇನಾ ಉಡುಪು ಪರೀಕ್ಷಿಸಿ ಮಾರುವ ನಮ್ಮ ಮಳಿಗೆಯ ಪರದೆ ಎಳೆದು ನೇರಳೆ ದೀಪ ಹಿಡಿದೆ. ಲೈನಿಂಗಿನ ದಾರ ಬೆಳ್ಳಗೆ ಹೊಳೆಯಿತು. ಯುದ್ಧಕಾಲದ ಹತ್ತಿದಾರ ಆ ಬೆಳಕಿನಲ್ಲಿ ಮಂಕಾಗಿ ಕೂತಿರುತ್ತದೆ. ಆಮೇಲಿನ ದಾರಗಳಿಗೆ ಬಿಳುಪಿನ ಮದ್ದು ಹಾಕಿರುವುದರಿಂದ ಅವು ಹೊಳೆಯುತ್ತವೆ. ಈ ಕೋಟಿಗೆ ನಿಮ್ಮಷ್ಟೇ ವಯಸ್ಸು ಎಂದು ಹೇಳಿ ಮಡಿಸಿ ಕೊಟ್ಟೆ. ಡಾಕ್ಟರ ಮುಖ ಹುಳ್ಳಗಾಯಿತು.

ಪಕ್ಕದ ಮಳಿಗೆಯಲ್ಲಿ ಹಳೆಯ ಪಾತ್ರೆ ಮಾರುವ ಟಾಮ್ಮೆ, ಐಲರ್ಟ್ ಇದ್ದಿದ್ದರೆ ದೀಪದ ಖರ್ಚೂ ಉಳಿಯುತ್ತಿತ್ತು, ಮೂಗು ಸಾಕಿತ್ತು ಎಂದ. ಐಲರ್ಟ್ ಹಾರ್ಮ್ಸ್ ನನ್ನ ಗಂಡ. ಮದುವೆಯಾದಂದಿನಿಂದ ಅವನು ಪರರ ಕೋಟುಗಳ ಕಂಕುಳಿಗೆ ಮೂಗಿಟ್ಟೇ ತೀರ್ಪು ಕೊಟ್ಟವನು. ನನಗೆ ಅದನ್ನು ನೋಡಿದರೆ ನಾಚಿಕೆಯಾಗುತ್ತಿತ್ತು. ಈ ಊರಿನಲ್ಲಿ ನಮ್ಮಿಬ್ಬರಿಗೂ ಮೂಗಿನವನು, ದೀಪದವಳು ಎಂದೇ ಹೆಸರು.

ಸೆಪ್ಟೆಂಬರಿನಲ್ಲಿ ಲಕ್ವ ಹೊಡೆದ ಮೇಲೆ ಅವನ ಬಲಗೈಯೂ ಮಾತೂ ಹೋದವು. ಉಳಿದಿರುವುದು ‘ನಾಳೆ’ ಎಂಬ ಒಂದೇ ಮಾತು. ಚಹಾ ಬೇಕಾದರೂ ನಾಳೆ, ಬೇಡವಾದರೂ ನಾಳೆ. ಸಂಜೆ ಸಾರು ಕುಡಿಸುವಾಗ ಚಮಚ ತಳ್ಳಿ ಅಂಗಿಯ ತುಂಬ ಚೆಲ್ಲಿಕೊಂಡ. ನಾನು ಬೈದೆ. ಫ್ಲೀಡರ್ ಬೀದಿಯ ಆರೈಕೆಮನೆಯಲ್ಲಿ ಒಂದು ಕೋಣೆ ಖಾಲಿಯಾಗುತ್ತದಂತೆ, ಜನವರಿ ಮುಗಿಯುವುದರೊಳಗೆ ತಿಳಿಸಬೇಕಂತೆ. ಬೇಕೆಂದೇ ಹೇಳಿಬಿಡುತ್ತೇನೆ. ನನ್ನ ಕೈಲಾಗುವುದಿಲ್ಲ.

ನವೆಂಬರ್ 10, ಶನಿವಾರ

ಥೇಡಾ ಲೂಬೆನ್ ಎಂಬ ಹೆಂಗಸು ಬಂದರು. ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗಲೂ ಎದುರಿಗೆ ಗಾಜಿದೆ ಎಂಬಂತೆ ಗಟ್ಟಿಯಾಗಿ ಮಾತಾಡುತ್ತಾರೆ. ಹಳೆಯ ಹಾಸಿಗೆ ಹೊದಿಕೆಯಲ್ಲಿ ಸುತ್ತಿದ ಕೋಟನ್ನು ಮೇಜಿನ ಮೇಲಿಟ್ಟು, ಇದು ನನ್ನ ಅಪ್ಪನದೋ ಅಲ್ಲವೋ ಹೇಳಿ ಎಂದರು. ಮಾರುವ ಉದ್ದೇಶ ಇಲ್ಲವಂತೆ.

ಅಪ್ಪ ಜಲಾಂತರ್ಗಾಮಿಯ ಗೋಪುರದ ಮೇಲೆ ಕಾವಲು ನಿಲ್ಲುತ್ತಿದ್ದವನು. ನಲವತ್ತನಾಲ್ಕರ ವಸಂತದಲ್ಲಿ ರಜೆಗೆ ಬಂದಾಗ ಜೇಬು ಹರಿದಿತ್ತಂತೆ. ಹೊಲಿದಿಡು ಎಂದು ಹೆಂಡತಿಗೆ ಕೊಟ್ಟು ಹೋದವನು ತಿರುಗಿ ಬರಲಿಲ್ಲ, ಅವನ ಜಲಾಂತರ್ಗಾಮಿ ದೋಣಿಯೂ ಬರಲಿಲ್ಲ. ಆಗ ಥೇಡಾ ತೊಟ್ಟಿಲ ಕೂಸು. ಅಪ್ಪನ ವಸ್ತು ಅಂತ ಮನೆಯಲ್ಲಿ ಉಳಿದದ್ದು ಇದೊಂದೇ.

ಇಂಥ ಕತೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಚರ್ಮದ ಕೋಟು ದೋಣಿಯ ಸ್ವತ್ತು, ನಾವಿಕನದಲ್ಲ. ದೋಣಿಯಿಂದ ಇಳಿಯುವಾಗ ತೆಗೆದಿಟ್ಟು ಇಳಿಯಬೇಕು. ಹಾಗಿದ್ದೂ ಮನೆಗೆ ತಂದವರು ಇದ್ದಾರೆ, ಆದರೆ ಹಾಗೆ ಹೇಳುವವರು ಅವರ ಹತ್ತು ಪಾಲಿದ್ದಾರೆ. ಅದನ್ನು ಅವರಿಗೂ ಹೇಳಿದೆ.

ಇಷ್ಟು ವರ್ಷ ಇಲ್ಲದ ಅನುಮಾನ ಈಗೇಕೆ ಎಂದು ಕೇಳಿದೆ. ಅವರು ಫ್ಲೀಡರ್ ಬೀದಿಯ ಆರೈಕೆಮನೆಗೆ ಹೋಗುತ್ತಿದ್ದಾರೆ, ಅಲ್ಲಿ ಇರುವುದು ಒಂದೇ ಕಪಾಟು. ಕಾಫಿಗೆ ಬಂದ ಯಾರೋ ಈ ಕೋಟು ನೋಡಿ, ಇದು ಅರವತ್ತರ ದಶಕದ್ದು, ನನ್ನ ಮಾವನ ಹತ್ತಿರವೂ ಇತ್ತು ಎಂದರಂತೆ. ಅರವತ್ತರ ದಶಕದಲ್ಲಿ ಥೇಡಾರ ತಾಯಿಯ ಮನೆಯ ಮಹಡಿಯಲ್ಲಿ ವಿಟ್ಟೆ ಎಂಬ ಹೊಸ ನೌಕಾಪಡೆಯ ನಾವಿಕ ಬಾಡಿಗೆಗೆ ಇದ್ದ. ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದ. ಅಮ್ಮ ಆಮೇಲೆ ಬಹಳ ದಿನ ಊಟ ಬಿಟ್ಟಿದ್ದಳು. ಇಷ್ಟನ್ನೂ ಅವರು ಅಷ್ಟೇ ಗಟ್ಟಿಯಾಗಿ ಹೇಳಿದರು. ಟಾಮ್ಮೆ ಪಾತ್ರೆ ಒರೆಸುವುದನ್ನು ನಿಲ್ಲಿಸಿ ನೆಲ ನೋಡಿದ.

ಕೋಟು ಇಟ್ಟುಹೋಗಿ, ಬುಧವಾರ ಬನ್ನಿ ಎಂದಿದ್ದೇನೆ.

ನವೆಂಬರ್ 12, ಸೋಮವಾರ

ಮಾರುಕಟ್ಟೆಯಲ್ಲಿ ತೇವ. ಅದಕ್ಕೇ ಕೋಟನ್ನು ಮನೆಗೆ ತಂದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದು ನೋಡಿದೆ. ಗುಂಡಿಗಳನ್ನು ಯಾವಾಗಲೋ ಬದಲಾಯಿಸಿದ್ದಾರೆ. ಲೈನಿಂಗಿನ ಮೇಲೆ ಉಗ್ರಾಣದ ಮುದ್ರೆ ಇರಬೇಕಾದ ಜಾಗ ಖಾಲಿ. ಲೈನಿಂಗು ಅನುಮಾನ ಬರುವಷ್ಟು ಚೊಕ್ಕಟ. ಅಟ್ಲಾಂಟಿಕ್ಕಿನ ಉಪ್ಪುನೀರು ಕುಡಿದ ಕೋಟು ಹೀಗಿರುವುದಿಲ್ಲ. ದೀಪ ಹಿಡಿದೆ. ದಾರ ಹೊಳೆಯಿತು, ಬಟ್ಟೆಯೂ ಹೊಳೆಯಿತು. ಅಲ್ಲಿಗೆ ಮುಗಿಯಿತು.

ಐಲರ್ಟ್ ಕುರ್ಚಿಯಿಂದ ಎಡಗೈ ಚಾಚಿ ಕೋಟನ್ನು ಎಳೆದುಕೊಂಡ. ಹಳೆಯ ಚಾಳಿ, ಮೂಗನ್ನು ಲೈನಿಂಗಿಗೆ ಒತ್ತಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಮುಷ್ಟಿ ಕಟ್ಟಿ ತೊಡೆಯ ಮೇಲೆ ಉಜ್ಜತೊಡಗಿದ, ನನ್ನನ್ನೇ ನೋಡುತ್ತ, ನಾಳೆ ನಾಳೆ ಎನ್ನುತ್ತ. ಕೈ ಚಳಿಗೆ ಮರಗಟ್ಟಿರಬೇಕೆಂದು ಉಣ್ಣೆಯ ಗವುಸು ಹಾಕಿದೆ. ಕಿತ್ತೆಸೆದ. ಮತ್ತೆ ಹಾಕಿದೆ, ಮತ್ತೆ ಎಸೆದ. ಸಾಕಾಗಿಹೋಯಿತು, ದೀಪ ಆರಿಸಿ ಮಲಗಿಸಿದೆ.

ನವೆಂಬರ್ 14, ಬುಧವಾರ

ಹೇಳಿದೆ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಮುದ್ರೆ ಇಲ್ಲ, ದಾರ ಹೊಳೆಯುತ್ತದೆ, ಇದು ಯುದ್ಧದ ನಂತರದ್ದು ಎಂದೆ.

ಚಹಾ ಬಗ್ಗಿಸಿ ಕೊಟ್ಟಿದ್ದೆ. ಬಟ್ಟಲಿನ ತಳದ ಕಲ್ಲುಸಕ್ಕರೆ ಇನ್ನೂ ಕರಗಿರಲಿಲ್ಲ. ಅವರು ಕೋಟನ್ನು ನೋಡುತ್ತ, ಮೊದಲ ಸಲ ದನಿ ತಗ್ಗಿಸಿ, “ಹಾಗಾದ್ರೆ ಇದು ವಿಟ್ಟೇದು” ಎಂದರು.

ಯಾರದ್ದು ಎಂದು ಹೇಳುವುದು ನನ್ನ ಕೆಲಸವಲ್ಲ, ಯಾವ ಕಾಲದ್ದು ಎಂದಷ್ಟೇ ಹೇಳಬಲ್ಲೆ ಎಂದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. “ಮಾತು ಕಲಿತಾಗಿಂದ ನಾನು ಗೋಡೆಗೆ ತೂಗಿದ್ದ ಕೋಟಿಗೆ ಗುಡ್ ನೈಟ್ ಹೇಳಿ ಮಲಗ್ತಿದ್ದೆ ಕಣ್ರೀ, ಫ್ರಾವ್ ಹಾರ್ಮ್ಸ್. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ಲು. ಅಪ್ಪನ ಕೋಟು ತೆಗ್ದು ಇದನ್ನ ಯಾವಾಗ ತೂಗ್ಹಾಕಿದ್ಲೋ.”

ಒಂದೇ ಬಟ್ಟಲು ಕುಡಿದು ಎದ್ದರು. ನಮ್ಮ ಕಡೆ ಮೂರನೇ ಬಟ್ಟಲಿಗೆ ಮೊದಲು ಯಾರೂ ಏಳುವುದಿಲ್ಲ. ತಪ್ಪು ನನ್ನದಲ್ಲ. ಕೋಟು ಹೇಳಿದ್ದನ್ನು ನಾನು ಹೇಳಿದೆ.

ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಎಂದು ಟಾಮ್ಮೆ ಅಂದ. ಪಾತ್ರೆಯ ತೂತನ್ನು ಮೆತ್ತಗೆ ಹೇಳುತ್ತೀಯಾ ಎಂದು ಅವನ ಬಾಯಿ ಮುಚ್ಚಿಸಿದೆ.

ಡಿಸೆಂಬರ್ 2, ಭಾನುವಾರ

ಬರೆಯಲು ಏನೂ ಇಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟಿನ ಮೊದಲ ಮೇಣದಬತ್ತಿ ಹಚ್ಚಿದೆ. ಐಲರ್ಟ್ ಊದಿ ಆರಿಸಿದ. ಮತ್ತೆ ಹಚ್ಚಿದೆ.

ಡಿಸೆಂಬರ್ 19, ಬುಧವಾರ

ಸುಸ್ತು. ಬೆಳಗಿನ ನರ್ಸ್ ರಜೆ. ಅವನನ್ನು ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಇಬ್ಬರೂ ಹಾಸಿಗೆಯ ಅಂಚಿನಲ್ಲಿ ಹಾಗೇ ಕೂತಿದ್ದೆವು. ಅವನು ಎಡಗೈಯಿಂದ ನನ್ನ ಸೊಂಟ ನೀವಿದ. ತಪ್ಪು ಜಾಗವನ್ನು ನೀವುತ್ತಿದ್ದ, ಹೇಳಲಿಲ್ಲ.

ಜನವರಿ 12, ಶನಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬರುತ್ತಿದೆ.

ಮಧ್ಯಾಹ್ನ ಐಲರ್ಟನ ಅಂಗಿಯ ಕೊರಳಪಟ್ಟಿಗೆ ಸೋಪಿನ ಪುಡಿ ಹಾಕಿ ಸಿಂಕಿನಲ್ಲಿ ಉಜ್ಜುತ್ತಿದ್ದೆ. ಸಾರಿನ ಕಲೆ, ಹೋಗುತ್ತಿರಲಿಲ್ಲ. ಹಿಂದಿನಿಂದ ನಾಳೆ, ನಾಳೆ ಎಂದು ಕೂಗಿದ. ತಿರುಗಿ ನೋಡಿದರೆ ಮುಷ್ಟಿ ಕಟ್ಟಿ ತೊಡೆಯ ಮೇಲೆ ಉಜ್ಜುತ್ತಿದ್ದಾನೆ, ನಾನು ಉಜ್ಜುವ ಹಾಗೆಯೇ. ಆಮೇಲೆ ಮೂಗು ಮುಟ್ಟಿ ತೋರಿಸಿದ. ನವೆಂಬರಿನಲ್ಲಿ ಕೋಟು ಮೂಸಿ ಅವನು ಹೇಳಿದ್ದು ಇದನ್ನೇ. ನಾನು ಗವುಸು ಹಾಕಿದ್ದೆ.

ಸೋಪಿನ ಪುಡಿಯಲ್ಲೂ ಅದೇ ಬಿಳುಪಿನ ಮದ್ದಿದೆ. ತೊಳೆದರೆ ಯಾವ ಕಾಲದ ದಾರವೂ ಹೊಳೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಅಂಗಿ, ಟೋಪಿ ಬಂದಾಗ ತೊಳೆದಿದ್ದೀರಾ ಎಂದು ತಪ್ಪದೆ ಕೇಳುತ್ತೇನೆ. ಚರ್ಮದ ಕೋಟನ್ನು ಯಾರು ತೊಳೆಯುತ್ತಾರೆ? ಕೇಳಲೇ ಇಲ್ಲ.

ಯುದ್ಧಕಾಲದ ಒಂದು ಹಳೆಯ ಲೈನಿಂಗಿನ ತುಂಡು ಪೆಟ್ಟಿಗೆಯಲ್ಲಿತ್ತು. ಅರ್ಧಕ್ಕೆ ಸೋಪು ಹಚ್ಚಿ ಒಲೆಯ ಹತ್ತಿರ ಒಣಗಿಸಿ ದೀಪ ಹಿಡಿದೆ. ಅರ್ಧ ಮಂಕು, ಅರ್ಧ ಬೆಳ್ಳಗೆ. ಐಲರ್ಟನ ಮುಂದೆ ಹಿಡಿದು ತೋರಿಸಿದೆ. ಅವನು ನಗಲಿಲ್ಲ. ಗೆದ್ದಾಗ ಊರಿಗೆಲ್ಲ ಕೇಳುವಂತೆ ನಗುತ್ತಿದ್ದವನು.

ಮುದ್ರೆಯೂ ತೊಳೆದೇ ಹೋಗಿರಬಹುದು. ಇರಬಹುದು ಅಷ್ಟೇ, ಇನ್ನೂ ಖಚಿತವಿಲ್ಲ. ನಾಳೆ ಹೋಗಿ ಥೇಡಾರನ್ನು ಕೇಳಬೇಕು.

ಜನವರಿ 13, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆದಿಡುತ್ತೇನೆ.

ಟಾಮ್ಮೆ ಬಂದು ಐಲರ್ಟನ ಹತ್ತಿರ ಕೂತ. ನಾನು ಬಸ್ಸಿನಲ್ಲಿ ಫ್ಲೀಡರ್ ಬೀದಿಗೆ ಹೋದೆ. ಬಾಗಿಲಲ್ಲೇ ಮೇಲ್ವಿಚಾರಕಿ ಸಿಕ್ಕು, ನಿಮ್ಮ ಯಜಮಾನರ ಕೋಣೆಯ ವಿಷಯ ಏನು ಮಾಡಿದಿರಿ ಎಂದರು. ಈಗ ಅದಕ್ಕೆಲ್ಲ ಪುರುಸೊತ್ತಿಲ್ಲ, ಬೇರೆ ಯಾರಿಗಾದರೂ ಕೊಡಿ ಎಂದು ಮೆಟ್ಟಿಲು ಹತ್ತಿದೆ.

ಥೇಡಾರ ಕೋಣೆ ಚಿಕ್ಕದು, ಬೆಳಕಿದೆ. ನನ್ನನ್ನು ನೋಡಿ ಆಶ್ಚರ್ಯಪಟ್ಟರೂ ಚಹಾಕ್ಕೆ ನೀರಿಟ್ಟರು. ನಾನು ಕೂರುವ ಮೊದಲೇ ಕೇಳಿದೆ, ಆ ಕೋಟನ್ನು ಯಾವತ್ತಾದರೂ ತೊಳೆದಿದ್ದಿರಾ ಎಂದು.

“ಕೋಟನ್ನ ಯಾರು ತೊಳೀತಾರೆ? ಲೈನಿಂಗ್ ತೊಳೀತಿದ್ವಿ. ಪ್ರತೀ ವಸಂತದಲ್ಲಿ, ಪರದೆ ಎಲ್ಲ ತೊಳಿಯೋ ದಿನ. ಒಳಗಿಂದು ಹೊರಗೆ ಮಾಡಿ, ಪೊರಕೆಕೋಲನ್ನ ಎರಡೂ ತೋಳಿಗೆ ತೂರ್ಸಿ, ಎರಡು ಕುರ್ಚಿ ಮಧ್ಯೆ ತೂಗ್ಹಾಕಿ. ಚರ್ಮಕ್ಕೆ ಒಂದು ಹನಿ ತಾಗಿದ್ರೂ ಅಮ್ಮ ಕೈಮೇಲೆ ಕೊಡೋಳು. ಅವಳು ಹೋದ್ಮೇಲೆ ನಾನೂ ಹಾಗೇ ಮಾಡ್ತಾ ಬಂದೆ.”

ಇದನ್ನು ನನಗೇಕೆ ಹೇಳಲಿಲ್ಲ ಎಂದೆ.

“ನೀವು ಕೇಳ್ಲಿಲ್ವಲ್ಲ. ಅದೇನು ಹೇಳೋಂಥ ವಿಷಯಾನಾ? ಮನೇಲಿರೋದನ್ನ ವರ್ಷಕ್ಕೊಂದ್ಸಲ ತೊಳೀದೆ ಇರೋರು ಯಾರಿದ್ದಾರೆ?”

ನಾನೂ ಇದೇ ಊರಿನವಳು. ನನ್ನ ತಾಯಿ ಕಲ್ಲಿದ್ದಲಿನ ಬುಟ್ಟಿಯನ್ನೂ ಸೋಪು ಹಾಕಿ ತೊಳೆಯುತ್ತಿದ್ದಳು. ನನಗೆ ಹೊಳೆಯಬೇಕಿತ್ತು.

ಕೋಟು ತನ್ನಿ ಎಂದೆ. ಅವರು ಅಲ್ಲಾಡಲಿಲ್ಲ. ಆಮೇಲೆ ಬಾಲ್ಕನಿಯ ಪೆಟ್ಟಿಗೆಯಿಂದ ತಂದು ಮೇಜಿನ ಮೇಲಿಟ್ಟರು. ಎಡತೋಳು ಇರಲಿಲ್ಲ. ಹೆಗಲಿನ ಹೊಲಿಗೆಯ ಗುಂಟ ಕತ್ತರಿ ಆಡಿಸಿದ್ದರು. ಇಲ್ಲಿ ಕುರ್ಚಿಯ ಕಾಲುಗಳು ನೆಲ ಗೀರಬಾರದು ಎಂಬ ನಿಯಮ, ಕಾಲಿನಡಿಗೆ ಏನಾದರೂ ಅಂಟಿಸಿಕೊಳ್ಳಬೇಕು. ಚರ್ಮ ಗಟ್ಟಿಮುಟ್ಟು. ವಿಟ್ಟೆಯ ಕೋಟು ಅದಕ್ಕಾದರೂ ಆಗಲಿ ಎಂದುಕೊಂಡರಂತೆ. ನಾನು ಕೂತಿದ್ದ ಕುರ್ಚಿಯನ್ನು ಬಗ್ಗಿ ನೋಡಿದೆ. ಪ್ರತಿ ಕಾಲಿನಡಿಗೂ ನಾಣ್ಯದಗಲದ ಬೂದು ಚರ್ಮ.

ಸುಮ್ಮನೆ ಚಹಾ ಕುಡಿದು ಬಂದುಬಿಡಬಹುದಿತ್ತು. ಆ ಯೋಚನೆ ಬಂತು, ಸುಳ್ಳೇಕೆ ಹೇಳಲಿ. ಇನ್ನೂ ಯಾವುದೂ ಖಚಿತವಿರಲಿಲ್ಲ, ಅವರಿಗಂತೂ ಗೊತ್ತೇ ಇರಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಕತ್ತರಿಸಿದ ಹೆಗಲಿನಲ್ಲಿ ಲೈನಿಂಗು ಬಾಯಿ ಬಿಟ್ಟಿತ್ತು. ಅದನ್ನು ಎತ್ತಿ ಒಳಗೆ ನೋಡಿದೆ. ಯಾವ ಸೋಪೂ ಯಾವ ಬಿಸಿಲೂ ತಲುಪದ ಜಾಗ. ಚರ್ಮದ ಒಳಮೈಯಲ್ಲಿ ಕಪ್ಪು ಶಾಯಿಯ ಮುದ್ರೆ, ರೆಕ್ಕೆ ಹರಡಿದ ಹದ್ದು, ಪಕ್ಕದಲ್ಲಿ ಹಳೆಯ ನೌಕಾಪಡೆಯ ಅಕ್ಷರ, ಕೆಳಗೆ ನಲವತ್ತೆರಡನೇ ಇಸವಿ. ಚೀಲದಿಂದ ದೀಪ ತೆಗೆದು, ಕತ್ತಲಿಗೆಂದು ಕೋಟನ್ನು ಮೇಜಿನ ಕೆಳಗೊಯ್ದು ಹಿಡಿದೆ. ಒಳಗಿನ ದಾರ ಮಂಕಾಗಿ ಕೂತಿತ್ತು.

ನಾನು ತಪ್ಪು ಹೇಳಿದೆ ಎಂದೆ. ಇದು ಯುದ್ಧಕಾಲದ್ದೇ. ವಿಟ್ಟೆ ನಿಮ್ಮ ಮನೆಗೆ ಬರುವ ಎಷ್ಟೋ ವರ್ಷ ಮುಂಚಿನದು. ಹೊಸ ಪಡೆಯವರಿಗೆ ಕೊಡುತ್ತಿದ್ದುದು ಹೊಸ ಕೋಟು, ಇದಲ್ಲ.

ಅವರು ಮುದ್ರೆಯ ಮೇಲೆ ಬೆರಳಿಟ್ಟರು. “ಹಾಗಾದ್ರೆ ಅಮ್ಮ ಸುಳ್ಳು ಹೇಳಿರ್ಲಿಲ್ಲ” ಎಂದರು. ಮತ್ತೆ ಅದನ್ನೇ ಹೇಳಿದರು. ಆಮೇಲೆ, “ನವೆಂಬರ್‌ನಲ್ಲಿ ಸತ್ತವರನ್ನ ನೆನೆಯೋ ಭಾನುವಾರ ನಾನು ಸ್ಮಶಾನಕ್ಕೆ ಹೋಗ್ಲಿಲ್ಲ ಫ್ರಾವ್ ಹಾರ್ಮ್ಸ್. ಅವಳ ಗೋರಿ ಮೇಲೆ ಫರ್ ಮರದ ಕೊಂಬೆ ಹೊದ್ಸಿಲ್ಲ. ಈ ಚಳಿಗಾಲ ಪೂರ್ತಿ ಬರೀ ಮಣ್ಣಲ್ಲಿದ್ದಾಳೆ.”

ಕ್ಷಮೆ ಕೇಳಿದೆ. ಅವರು ಎದ್ದು ಒಂದು ಕುರ್ಚಿಯನ್ನು ಬೋರಲು ಹಾಕಿದರು. ನಾನು ಇನ್ನೊಂದನ್ನು ಹಾಕಿದೆ. ಇಬ್ಬರು ಮುದುಕಿಯರು ನೆಲಕ್ಕಿಳಿದು, ಬೆಣ್ಣೆ ಸವರುವ ಚಾಕುವಿನಿಂದ ಕುರ್ಚಿ ಕಾಲಿನ ಚರ್ಮ ಕೀಳುತ್ತ ಕೂತೆವು. ಅಂಟು ಬಲವಾಗಿತ್ತು, ತುಂಡುಗಳು ಹರಿದೇ ಬಂದವು. ಅವುಗಳಿಂದ ಏನೂ ಮಾಡಲಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಎಲ್ಲವನ್ನೂ ಕಿತ್ತೆವು.

ಮೂರು ಬಟ್ಟಲು ಕುಡಿದೇ ಎದ್ದೆ. ಕೋಟನ್ನೂ ಕತ್ತರಿಸಿದ ತೋಳಿನಲ್ಲಿ ಉಳಿದಿದ್ದ ಮೇಲ್ಭಾಗವನ್ನೂ ಕೊಟ್ಟು ಕಳಿಸಿದರು. “ಕೆಡ್ಸಿದ್ದು ನೀವು, ಕತ್ರಿಸಿದ್ದು ನಾನು. ಹೊಲ್ಕೊಡಿ.”

ಜನವರಿ 20, ಭಾನುವಾರ

ನಾನು ಚರ್ಮ ಹೊಲಿದವಳಲ್ಲ. ದಬ್ಬಣ, ಮೇಣ, ದಾರ ಎಲ್ಲ ಐಲರ್ಟನ ಪಾಲು. ಈಗ ಅವನ ಎಡಗೈ ಚರ್ಮವನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ, ನನ್ನ ಬಲಗೈ ಚುಚ್ಚುತ್ತದೆ. ವಾರವಿಡೀ ಇದೇ ಆಯಿತು. ತಪ್ಪು ತೂತಿಗೆ ಹೋದರೆ ಹೆಬ್ಬೆರಳಿನಿಂದ ನನ್ನ ಮಣಿಕಟ್ಟಿಗೆ ಒಂದು ಪೆಟ್ಟು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನು ನನ್ನನ್ನು ಹೊಡೆದದ್ದು ಇದೇ ಮೊದಲು, ಟಾಮ್ಮೆಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕ.

ತೋಳಿನ ಕೆಳಭಾಗಕ್ಕೆ ಚರ್ಮ ಬೇಕಿತ್ತು. ಪೆಟ್ಟಿಗೆಯಲ್ಲಿ ಅದೇ ಕಾಲದ ಬೂದು ಚರ್ಮವಿತ್ತು, ಅದನ್ನು ಹಾಕಿದ್ದರೆ ಯಾರಿಗೂ ಪತ್ತೆಯಾಗುತ್ತಿರಲಿಲ್ಲ. ನಾವು ಹಾಕಲಿಲ್ಲ. ಐಲರ್ಟನ ಹಳೆಯ ಕೆಲಸದ ಏಪ್ರನ್ನಿನ ಕಂದು ಚರ್ಮ ಕತ್ತರಿಸಿದೆವು. ಆಗಿದ್ದು ಆಗಿದೆ, ಕಾಣಲಿ. ಸಂಗ್ರಹಕಾರರು ಇನ್ನು ಇದನ್ನು ಮೂಸಿಯೂ ನೋಡುವುದಿಲ್ಲ. ಬೇಡ ಬಿಡಿ.

ಫೆಬ್ರವರಿ 2, ಶನಿವಾರ

ಓಲ್ಡನ್‌ಬರ್ಗಿನ ಒಬ್ಬ ಲಾರಿ ಚಾಲಕ ಕೋಟು ತಂದಿದ್ದ. ಹೊಸ ಪಡೆಯದು, ಕಂಡಕೂಡಲೇ ತಿಳಿಯಿತು. ಯಾರು ತೊಡುತ್ತಿದ್ದರು ಎಂದು ಕೇಳಿದೆ. ಅವನ ಚಿಕ್ಕಪ್ಪ ಸಮುದ್ರದ ಸಿಡಿಗುಂಡು ಹುಡುಕಿ ತೆಗೆಯುವ ಹಡಗಿನಲ್ಲಿದ್ದವನಂತೆ, ಕುಡಿದಾಗ ಮಾತ್ರ ಅದರ ಮಾತಾಡುತ್ತಿದ್ದನಂತೆ. ಬಹಳ ಹೊತ್ತು ಕೂತು ಹೇಳಿದ. ಹಾಗಾದರೆ ಇದು ಅವರದೇ, ಇಟ್ಟುಕೊಳ್ಳಿ ಎಂದೆ. ಖುಷಿಯಿಂದ ಹೋದ. ದೀಪ ಕೆಟ್ಟಿದೆಯಾ ಎಂದು ಟಾಮ್ಮೆ ಕೇಳಿದ.

ಮನೆಗೆ ಬೇಗ ಬಂದೆ. ಐಲರ್ಟ್ ಕಿಟಕಿಯ ಹತ್ತಿರ ಕಾಯುತ್ತಿದ್ದ.

ಫೆಬ್ರವರಿ 9, ಶನಿವಾರ

ಕೋಟು ಕೊಟ್ಟೆವು. ಐಲರ್ಟನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದಿದ್ದೆ. ಹೊಲಿದವನು ಬರದಿದ್ದರೆ ಹೇಗೆ?

ಥೇಡಾ ಕಂದು ತೋಳನ್ನು ನೋಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ತೊಟ್ಟುಕೊಂಡರು. ಇಷ್ಟು ವರ್ಷ ತೊಳೆದಿದ್ದರೇ ಹೊರತು ಒಂದು ದಿನವೂ ತೊಟ್ಟವರಲ್ಲವಂತೆ, ಅಮ್ಮ ಬಿಡುತ್ತಿರಲಿಲ್ಲವಂತೆ. ಅಪ್ಪ ಅವರಿಗಿಂತ ಗಿಡ್ಡ ಇದ್ದಿರಬೇಕು, ಮುಂಗೈ ಹೊರಗೇ ಉಳಿಯಿತು. ಬಿಚ್ಚಲಿಲ್ಲ. ಬನ್ನಿ ಹೋಗೋಣ ಎಂದರು. ಬಾಗಿಲ ಹತ್ತಿರ ಫರ್ ಕೊಂಬೆಯ ಕಟ್ಟು ಸಿದ್ಧವಾಗಿತ್ತು.

ಫೆಬ್ರವರಿಯಲ್ಲಿ ಯಾರೂ ಗೋರಿಗೆ ಕೊಂಬೆ ಹೊದಿಸುವುದಿಲ್ಲ. ಉಳಿದವರೆಲ್ಲ ನವೆಂಬರಿನಲ್ಲಿ ಹೊದಿಸಿದ್ದು ಒಣಗಿ ಕೆಂಪಾಗಿ, ತೆಗೆದುಹಾಕುವ ಹೊತ್ತಾಗಿತ್ತು. ಸಾಲಿನಲ್ಲಿ ಅವರ ತಾಯಿಯದೊಂದೇ ಬರೀ ಮಣ್ಣು, ಮೇಲೆ ಮಂಜು ಗಟ್ಟಿಯಾಗಿತ್ತು. ಪಕ್ಕದ ಗೋರಿ ಗುಡಿಸುತ್ತಿದ್ದ ಹೆಂಗಸು ಕೊಂಬೆಗಳನ್ನೂ ಕೋಟನ್ನೂ ನೋಡಿ ಏನೋ ಹೇಳಲು ಹೊರಟವಳು ಹೇಳಲಿಲ್ಲ. ಥೇಡಾ ಮಂಡಿಯೂರಿ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿದರು, ಮಗುವಿಗೆ ಹೊದಿಕೆ ಸಿಕ್ಕಿಸುವ ಹಾಗೆ ಅಂಚುಗಳನ್ನು ಒತ್ತಿದರು. ನಾನು ಸಹಾಯಕ್ಕೆ ಬಗ್ಗಿದೆ. ಐಲರ್ಟ್ ನನ್ನ ಸ್ಕರ್ಟಿನ ಅಂಚು ಹಿಡಿದು ನಿಲ್ಲಿಸಿದ.

ಥೇಡಾ ಎದ್ದು ನಿಂತು ಕೋಟನ್ನು ಸರಿಮಾಡಿಕೊಂಡರು. ಟಿಕೆಟ್ ಕಿಟಕಿಯ ದನಿಯಲ್ಲೇ, ಸಾಲಿಗೆಲ್ಲ ಕೇಳುವಂತೆ ಹೇಳಿದರು:

“ಅಮ್ಮಾ, ಅಪ್ಪನ ಕೋಟು ಇದು. ನಿನ್ನ ಮಾತು ನಂಬ್ದೆ ತೋಳು ಕತ್ರಿಸಿದ್ದು ನಾನೇ. ಬಯ್ಯೋದಿದ್ರೆ ಈಗ ಬಯ್ದುಬಿಡು.”

ಹೇಳಿ, ಬೈಸಿಕೊಳ್ಳುವವರು ನಿಲ್ಲುವ ಹಾಗೆ ತಲೆ ತಗ್ಗಿಸಿ ನಿಂತರು. ನಾವು ಗಾಲಿಕುರ್ಚಿ ತಿರುಗಿಸಿಕೊಂಡು ಗೇಟಿನ ಹತ್ತಿರ ಹೋಗಿ ಕಾದೆವು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದಕ್ಕೆ ಹೋದರಾಯಿತು ಎಂದುಕೊಂಡೆವು.